ಹೊಗೆಮರದ ಕೊನೆಯ ತುಂಡು

“ನಿಂತಿರೋ ಮರಾನೇ ತೋರಿಸ್ತೀನಿ ಪುಟ್ಟಿ. ಎಲೆ, ಕೊಂಬೆ, ಎಲ್ಲಾ ಇರೋದು. ಸಿಕ್ಕಿದ ದಿನ ಮೊದಲು ನಿನ್ನನ್ನೇ ಕರ್ಕೊಂಡು ಹೋಗೋದು.”

ಹಿರಿಯ ವಿಜ್ಞಾನಿಯೊಬ್ಬರು ಒಂದನೇ ತರಗತಿಯ ಮಗುವಿನ ಅಂಗೈಯ ಮೇಲೆ ತಮ್ಮ ಕೈಯಿಟ್ಟು ಹೀಗೆ ಭಾಷೆ ಕೊಟ್ಟದ್ದನ್ನು ಕಣ್ಣಾರೆ ಕಂಡವನು ನಾನು. ಮಗು ನನ್ನ ಮಗಳು. ಅವಳ ಇನ್ನೊಂದು ಕೈಯಲ್ಲಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ಬೂದುಬಣ್ಣದ ಮರದ ತುಂಡೊಂದಿತ್ತು. ಭಾಷೆ ಕೊಟ್ಟವರು ಈ ಸಂಪುಟದ ಗೌರವಕ್ಕೆ ಪಾತ್ರರಾಗಿರುವ ನಮ್ಮ ಮರಸಂಗ್ರಹ ವಿಭಾಗದ ಮುಖ್ಯಸ್ಥರು. ನಾವೆಲ್ಲ ಮೊದಮೊದಲು ಬೆನ್ನ ಹಿಂದೆಯೂ, ಧೈರ್ಯ ಬಂದ ಮೇಲೆ ಎದುರಿಗೂ ‘ಭೂತಗನ್ನಡಿ ಮೇಡಂ’ ಎಂದು ಕರೆಯುತ್ತ ಬಂದವರು.

ಕಾಡಿನ ಕುರಿತು ಕೆಲಸ ಮಾಡುವವರಲ್ಲಿ ಬಹುಪಾಲು ಜನ ಬದುಕಿರುವ ಮರವನ್ನು ಬಲ್ಲರು. ಎಲೆಯಿಂದ, ಹೂವಿನಿಂದ, ತೊಗಟೆಯಿಂದ ಅದನ್ನು ಗುರುತಿಸಬಲ್ಲರು. ಆದರೆ ಕಡಿದು, ಸಿಗಿದು, ಹಲಗೆಯಾಗಿ, ಹಡಗು ಹತ್ತಿ, ಹೆಸರು ಬದಲಿಸಿಕೊಂಡು ಬಂದ ಮೇಲೆ ಅದು ಯಾವ ಕಾಡಿನ ಯಾವ ಮರವಾಗಿತ್ತೆಂದು ಖಚಿತವಾಗಿ ಹೇಳಬಲ್ಲವರು ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು. ಆ ವಿದ್ಯೆಯಲ್ಲಿ ಮೇಡಂ ಅವರದು ಎತ್ತಿದ ಕೈ. ಕೊರಳಿಗೆ ದಾರದಲ್ಲಿ ಕಟ್ಟಿಕೊಂಡಿರುತ್ತಿದ್ದ ಭೂತಗನ್ನಡಿಯನ್ನು ಮರದ ಅಡ್ಡಕೊಯ್ತದ ಮೇಲೆ ಹಿಡಿದು, ಒಂದು ಕಾಲಕ್ಕೆ ನೀರು ಹರಿಸಿದ್ದ ನಾಳಗಳ ಬಾಯಿಗಳು ಒಂಟಿಯಾಗಿವೆಯೋ ಜೋಡಿಯಾಗಿವೆಯೋ ಎಂದು ನೋಡಿ, ಕೊನೆಗೊಮ್ಮೆ ಮೂಸಿ, ಅವರು ಹೆಸರು ಹೇಳಿದರೆಂದರೆ ಬಂದರಿನಲ್ಲಿ ಲಾರಿಗಳು ನಿಲ್ಲುತ್ತಿದ್ದವು. ನ್ಯಾಯಾಲಯಗಳಲ್ಲಿ ಅವರ ಮಾತಿಗೆ ಎದುರು ಮಾತಿರುತ್ತಿರಲಿಲ್ಲ. ಅವರು ಮಾತ್ರ ತಮ್ಮ ಶಾಸ್ತ್ರವನ್ನು “ಹೆಣ ನೋಡಿ ಹೆಸರು ಹೇಳೋ ಕೆಲಸ” ಎಂದು ಕರೆದು ನಗುತ್ತಿದ್ದರು.

ಅವರ ಪದವಿಗಳು, ಪ್ರಬಂಧಗಳು, ಪುರಸ್ಕಾರಗಳ ಬಗ್ಗೆ ಬರೆಯಲು ಈ ಸಂಪುಟದಲ್ಲಿ ಯೋಗ್ಯರಿದ್ದಾರೆ. ನಾನು ವಿಜ್ಞಾನಿಯಲ್ಲ. ಮರದ ತುಂಡನ್ನು ನೀರಿನಲ್ಲಿ ಕುದಿಸಿ ಮೆತ್ತಗಾಗಿಸಿ, ಕೊಯ್ಯುವ ಯಂತ್ರಕ್ಕೆ ಬಿಗಿದು, ಈರುಳ್ಳಿ ಪೊರೆಗಿಂತ ತೆಳುವಾದ ಪದರವನ್ನು ತೆಗೆದು, ಗಾಜಿನ ಪಟ್ಟಿಯ ಮೇಲೆ ಕೂರಿಸಿ ಅವರ ಸೂಕ್ಷ್ಮದರ್ಶಕದ ಕೆಳಗೆ ಇಡುವುದು ನನ್ನ ಕೆಲಸ. ಸಂಪಾದಕರು ಲೇಖನ ಕೇಳಿದಾಗ ನಾನು ಮೇಡಂ ಅವರ ಅನುಮತಿ ಬೇಡಲು ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಬರಿ, ಬೇಡ ಅನ್ನಲ್ಲ. ಆದ್ರೆ ಹೊಗೆಮರದ ವಿಷಯ ಬಿಟ್ಟು ಬರೆಯೋದಾದ್ರೆ ಬರೀಬೇಡ. ಹೊಗಳೋಕೆ ಬೇರೆಯವರಿದಾರೆ, ನೀನೂ ಯಾಕೆ ಆ ಸಾಲಲ್ಲಿ ನಿಲ್ತೀಯ?” ಎಂದರು. ಆ ಷರತ್ತಿಗೆ ಒಪ್ಪಿ, ಮನೆಗೆಲಸವೆಲ್ಲ ಮುಗಿದು ಊಟದ ಮೇಜು ಖಾಲಿಯಾದ ಮೇಲೆ, ದಿನಕ್ಕೊಂದಿಷ್ಟರಂತೆ ಇದನ್ನು ಬರೆದಿದ್ದೇನೆ. ಓದುಗರಿಗೆ ಅಲ್ಲಲ್ಲಿ ಹೊಲಿಗೆ ಕಂಡರೆ ಮನ್ನಿಸಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಗಟ್ಟಿಮರವನ್ನು ಸಾಕಷ್ಟು ಕುದಿಸದೆ ಕೊಯ್ಯಲು ಹೋಗಿ ಯಂತ್ರದ ಅಲಗನ್ನು ಹಲ್ಲುಹಲ್ಲಾಗಿಸಿದೆ. ಹೊರದೇಶದಿಂದ ತರಿಸಿದ ಅಲಗು. ಮರ ವಿಪರೀತ ಗಟ್ಟಿ ಎಂದು ಸಬೂಬು ಹೇಳಿದೆ. ಮೇಡಂ ಅಲಗನ್ನು ಬೆಳಕಿಗೆ ಹಿಡಿದು ನೋಡಿ, “ಮರಾನ ಬೈಬೇಡ. ಅದು ಮುನ್ನೂರು ವರ್ಷ ನಿಧಾನವಾಗಿ ಬೆಳೆದಿದೆ, ನಿನಗೆ ಮೂರು ಗಂಟೆ ಕಾಯೋಕೆ ಆಗಲಿಲ್ಲ” ಎಂದರು. ಅಷ್ಟೇ. ಅಲಗು ಕೆಟ್ಟದ್ದು ಹೇಗೆಂದು ಮೇಲಿನವರು ಕೇಳಿದಾಗ “ಸವೀತು” ಎಂಬ ಒಂದೇ ಪದದಲ್ಲಿ ಮುಗಿಸಿದರಂತೆ. ಅಂದಿನಿಂದ ನಾನು ಯಾವ ಮರವನ್ನೂ ಅವಸರಪಡಿಸಿಲ್ಲ.

ನನ್ನ ಮಗಳು ಶಾಲೆಗೆ ಸೇರಿದ ವರ್ಷ ನಮ್ಮ ಮನೆಯ ಪರಿಸ್ಥಿತಿ ಬಿಗಡಾಯಿಸಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಪಾಳಿ ಕೆಲಸ. ಮಗುವಿನ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು. ಹಿಂದೆ ಮುಂದೆ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಊಟದ ಬಿಡುವಿನಲ್ಲಿ ಶಾಲೆಗೆ ಓಡಿ, ಮಗುವನ್ನು ಪಕ್ಕದ ಮನೆಯವರ ಬಾಗಿಲಲ್ಲಿ ಬಿಟ್ಟು, ಏದುಸಿರು ಬಿಡುತ್ತ ಮರಳುವುದು ನನ್ನ ದಿನಚರಿಯಾಗಿತ್ತು. ಒಂದು ದಿನ ಮೇಡಂ ತಡೆದು ಕೇಳಿದರು: “ದಿನಾ ಈ ಹೊತ್ತಿಗೆ ಎಲ್ಲಿಗಪ್ಪಾ ಓಟ? ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾರಾ?” ವಿಷಯ ತಿಳಿದ ಮೇಲೆ, “ಇಲ್ಲಿಗೇ ಕರ್ಕೊಂಡು ಬಾ. ಇಲ್ಲಿರೋ ಮರಗಳೇನು ಮಗೂನ ಕಚ್ಚಲ್ಲ” ಎಂದರು.

ಸಂಗ್ರಹದ ಕೋಣೆಗೆ ಹೊರಗಿನವರನ್ನು ಬಿಡುವಂತಿರಲಿಲ್ಲ. ನಿರ್ದೇಶಕರು ಒಮ್ಮೆ ತಪಾಸಣೆಗೆ ಬಂದಾಗ ಮಗು ನೆಲದ ಮೇಲೆ ಕೂತು ಬಣ್ಣ ತುಂಬುತ್ತಿತ್ತು. ಮೇಡಂ ಸ್ವಲ್ಪವೂ ಅಳುಕದೆ ಪರಿಚಯಿಸಿದರು: “ಹೊಸ ಸಂಶೋಧನಾ ಸಹಾಯಕಿ ಸರ್. ಸಂಬಳ ದಿನಕ್ಕೆ ಎರಡು ಬಿಸ್ಕೆಟ್ಟು. ಇಡೀ ಇಲಾಖೇಲಿ ಸಂಬಳ ಸಾಲದು ಅನ್ನದೇ ಇರೋರು ಇವರೊಬ್ಬರೇ.” ನಿರ್ದೇಶಕರು ನಕ್ಕು ಮುಂದೆ ಹೋದರು. ಮಗಳು ಅವರನ್ನು ಅತ್ತೆ ಎಂದು ಕರೆಯತೊಡಗಿದಳು. ಕೊರಳಲ್ಲಿ ಭೂತಗನ್ನಡಿ ನೇತಾಡುತ್ತಿದ್ದುದರಿಂದ ಆ ಅತ್ತೆ ಬಹುಬೇಗ ‘ಭೂತತ್ತೆ’ಯಾದರು. ನಾನು ಗದರಿದರೆ ಅವರೇ, “ಇರಲಿ ಬಿಡು, ಭೂತ ಅಂದ್ರೆ ಆಗಿಹೋಗಿದ್ದು ತಾನೆ? ನಾವು ನೋಡೋದೂ ಅದನ್ನೇ” ಎನ್ನುತ್ತಿದ್ದರು. ಮಗಳಿಗೆ ಮಗ್ಗಿ ಹೇಳಿಕೊಟ್ಟವರೂ ಅವರೇ. ಹೇಳಿಕೊಡುವ ಕ್ರಮ ಮಾತ್ರ ಅಷ್ಟು ಚೆನ್ನಾಗಿರಲಿಲ್ಲ ಎಂಬುದನ್ನು, ಎಂಟರ ಮಗ್ಗಿಯಲ್ಲಿ ಇಂದಿಗೂ ಎಡವುವ ಅವಳನ್ನು ಕಂಡು, ಗೌರವಪೂರ್ವಕವಾಗಿ ದಾಖಲಿಸುತ್ತೇನೆ.

ನಮ್ಮ ಸಂಗ್ರಹದ ಕೋಣೆಯನ್ನು ನೋಡದವರಿಗಾಗಿ ಒಂದು ಮಾತು. ಅಲ್ಲಿ ನೆಲದಿಂದ ಸೂರಿನವರೆಗೆ ಸಾಲುಸಾಲು ಸೆಳೆಖಾನೆಗಳಿವೆ. ಪ್ರತಿಯೊಂದರಲ್ಲಿಯೂ ಜಗತ್ತಿನ ಒಂದೊಂದು ಕಾಡಿನಿಂದ ಬಂದ ಮರದ ತುಂಡುಗಳು, ಪುಸ್ತಕದ ಆಕಾರಕ್ಕೆ ಹೆರೆದು, ಒತ್ತೊತ್ತಾಗಿ ಜೋಡಿಸಿಟ್ಟವು. ಹೊಸ ಮರವೊಂದು ಪರೀಕ್ಷೆಗೆ ಬಂದಾಗ ಅದರ ಜೋಡಿಯನ್ನು ಇಲ್ಲಿಂದ ತೆಗೆದು, ಎರಡರ ತಾಜಾ ಕೊಯ್ತಗಳನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇವೆ. ಆದ್ದರಿಂದ ಪ್ರತಿ ಪರೀಕ್ಷೆಯಲ್ಲೂ ಸಂಗ್ರಹದ ತುಂಡು ಒಂದು ಕೂದಲೆಳೆಯಷ್ಟು ಸವೆಯುತ್ತದೆ. ಸವೆದದ್ದು ತುಂಬಿಕೊಳ್ಳಬೇಕಾದರೆ ಆ ಮರ ಎಲ್ಲೋ ಬೆಳೆಯುತ್ತಿರಬೇಕು.

ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಕಪಾಟಿತ್ತು. ಯಾವುದೇ ಮರದ ಜಾತಿ ದಶಕಗಳಿಂದ ಎಲ್ಲಿಯೂ ನಿಂತದ್ದು ಕಂಡಿಲ್ಲವೆಂದು ವರದಿ ಬಂದರೆ ಅದರ ತುಂಡನ್ನು ಸೆಳೆಖಾನೆಯಿಂದ ತೆಗೆದು ಆ ಕಪಾಟಿನಲ್ಲಿಡುತ್ತಿದ್ದರು. ಅದಕ್ಕೆ ಇನ್ನು ಅಲಗು ತಾಗಿಸುವಂತಿಲ್ಲ. ನಾವು ತಮಾಷೆಗೆ ಆ ಕಪಾಟನ್ನು ‘ಅನಾಥಾಲಯ’ ಎನ್ನುತ್ತಿದ್ದೆವು. ತುಂಡನ್ನು ಅಲ್ಲಿ ಇಡುವ ಮುನ್ನ ಮೇಡಂ ಎಲ್ಲರನ್ನೂ ಕರೆಯುತ್ತಿದ್ದರು. ಕಸ ಗುಡಿಸುವವರಿಂದ ನಿರ್ದೇಶಕರವರೆಗೆ ಎಲ್ಲರೂ ಸಾಲಾಗಿ ಬಂದು, ಆ ತುಂಡಿನ ತುದಿಯನ್ನು ಅವರು ಉಪ್ಪುಕಾಗದದಿಂದ ಒಮ್ಮೆ ಉಜ್ಜಿಕೊಟ್ಟಾಗ, ಮೂಸಿ, ಮುಂದಿನವರಿಗೆ ದಾಟಿಸಬೇಕು. “ಇದಕ್ಕೆ ನೆಂಟರು ಇಷ್ಟರು ಯಾರೂ ಉಳಿದಿಲ್ಲ. ನಾವಾದ್ರೂ ವಾಸನೆ ನೆನಪಿಟ್ಕೊಳ್ಳೋಣ” ಎನ್ನುವುದು ಅವರ ಮಾತು. ನೆಗಡಿಯಾದವರು ಇನ್ನೊಂದು ದಿನ ಬಂದು ಮೂಸಿ ಹೋಗಬೇಕಾಗುತ್ತಿತ್ತು. ಯಾರಿಗೂ ವಿನಾಯಿತಿ ಇರಲಿಲ್ಲ.

ನಾನು ಬಂದಾಗ ಆ ಕಪಾಟಿನ ಮೇಲಿನ ಖಾನೆ ಮಾತ್ರ ತುಂಬಿತ್ತು. ಕ್ರಮೇಣ ಎರಡನೆಯದು ತುಂಬಿತು, ಮೂರನೆಯದು ತುಂಬಿತು. ಒಂದು ದ್ವೀಪದ ಮರ ಬಂತು. ಆ ದ್ವೀಪದಲ್ಲಿ ಈಗ ಕಣ್ಣು ಹಾಯಿಸಿದಷ್ಟು ದೂರ ಎಣ್ಣೆಗಾಗಿ ಬೆಳೆಸಿದ ಒಂದೇ ಜಾತಿಯ ತಾಳೆ. ಒಂದು ಮಹಾನದಿಯ ಬಯಲಿನ ಮರ ಬಂತು. ಅಲ್ಲಿ ಕಾಡು ಸುಟ್ಟು ದನಗಳಿಗೆ ಹುಲ್ಲುಗಾವಲು ಮಾಡಿದ್ದರು. ಒಂದು ಕಡಲತೀರದ ಮರ ಬಂತು. ಆ ತೀರದಲ್ಲಿ ಸೀಗಡಿ ಸಾಕುವ ಕೊಳಗಳಾದ ಮೇಲೆ ಬಿರುಗಾಳಿಗೆ ಅಡ್ಡ ನಿಲ್ಲಲು ಏನೂ ಉಳಿಯದೆ ಊರೇ ಕೊಚ್ಚಿಹೋಯಿತೆಂದು ಆ ಮರ ಕಳಿಸಿದ್ದ ವಿಜ್ಞಾನಿ ಬರೆದಿದ್ದರು. ಆಮೇಲೆ ಅವರಿಂದಲೂ ಪತ್ರ ಬರಲಿಲ್ಲ. ಬಂದರಿನ ಕಾವಲಿನವರಿಗೆ ತರಬೇತಿ ಕೊಡುವಾಗ ಮೇಡಂ ಹೇಳುತ್ತಿದ್ದ ಮಾತು ನನಗೆ ಬಾಯಿಪಾಠವಾಗಿದೆ: “ಕಾಡು ಹೋದ್ರೆ ನೆರಳು ಹೋಗುತ್ತೆ ಅಂತ ನೀವು ಅಂದ್ಕೊಂಡಿರ್ತೀರಿ. ಮೊದಲು ಹೋಗೋದು ಒರತೆ. ಆಮೇಲೆ ಮಣ್ಣು. ಆಮೇಲೆ ಹೊತ್ತಿಗೆ ಸರಿಯಾಗಿ ಬರ್ತಿದ್ದ ಮಳೆ. ನೆರಳು ಹೋಗಿದ್ದು ಗೊತ್ತಾಗೋ ಹೊತ್ತಿಗೆ ಕೂರೋಕೆ ಅಲ್ಲಿ ಜನಾನೇ ಇರಲ್ಲ.”

ಹೊಗೆಮರದ ಸರದಿ ಬಂದದ್ದು ಮಗಳು ಒಂದನೇ ತರಗತಿಯಲ್ಲಿದ್ದಾಗ. ನಮ್ಮದೇ ನದಿಯ ಮೇಲ್ದಂಡೆಯ ಬೆಟ್ಟಗಳಲ್ಲಿ ಹಿಂದೊಮ್ಮೆ ಬೆಳೆಯುತ್ತಿದ್ದ ಮರವದು. ಒಣಗಿದಾಗ ಸಾಮಾನು ತುಂಬುವ ಪೆಟ್ಟಿಗೆಗಳಿಗೆ ಬಳಸುವ ಅಗ್ಗದ ಮರದಂತೆಯೇ ಕಾಣುತ್ತದೆ. ಆದರೆ ಉಜ್ಜಿದರೆ ಆಗಷ್ಟೇ ಆರಿಸಿದ ದೀಪದ ಬತ್ತಿಯ ವಾಸನೆ, ಅದರ ಹಿಂದೆಯೇ ಒದ್ದೆ ಸ್ಲೇಟಿನ ವಾಸನೆ. ಅದಕ್ಕೇ ಆ ಹೆಸರು. ಜಗತ್ತಿನ ಸಂಗ್ರಹಗಳಲ್ಲೆಲ್ಲ ಉಳಿದಿದ್ದ ಅದರ ತುಂಡು ನಮ್ಮಲ್ಲಿದ್ದದ್ದೊಂದೇ. ಮೂರು ಸಲ ಬೆಟ್ಟ ಹತ್ತಿದ ತಂಡಗಳು, ರಸ್ತೆಯಿಲ್ಲದ ಒಳಬೆಟ್ಟಗಳನ್ನು ಮುಟ್ಟಲಾಗದೆ, ಬರಿಗೈಯಲ್ಲಿ ಬಂದಿದ್ದವು.

ಸಾಲಿನ ಕೊನೆಯಲ್ಲಿ ನಿಂತಿದ್ದ ಮಗಳು ತುಂಡನ್ನು ಮೂಸಿ ವಾಪಸು ಕೊಡಲು ಒಪ್ಪಲಿಲ್ಲ. “ಈ ಮರ ಎಲ್ಲಿದೆ?” ಎಂದು ಕೇಳಿದಳು. “ಕಪಾಟಲ್ಲಿ ಹಾಕಿದ್ರೆ ಹುಡುಕೋದು ನಿಲ್ಲಿಸ್ತೀರಾ?” ಎಂದು ಮತ್ತೆ ಕೇಳಿದಳು. ಆಗ ಮೇಡಂ ಮಂಡಿಯೂರಿ ಕೂತು, ಈ ಲೇಖನದ ಆರಂಭದಲ್ಲಿ ನಾನು ಬರೆದಿರುವ ಮಾತನ್ನು ಆಡಿದರು. “ಭಾಷೆ?” ಎಂದು ಮಗಳು ಕೈ ಚಾಚಿದಳು. “ಭಾಷೆ” ಎಂದು ಅವರು ಅದರ ಮೇಲೆ ಕೈಯಿಟ್ಟರು. ತುಂಡು ಕಪಾಟು ಸೇರಿತು.

ಅದೇ ವರ್ಷ ಗೋಡೆಪಟ ಹೊಸದಾಗಿ ಅಚ್ಚಾಗಬೇಕಿತ್ತು. ಗೋಡೆಪಟವೆಂದರೆ, ಸಾಗಿಸಬಾರದ ಮರಗಳ ಅಡ್ಡಕೊಯ್ತವನ್ನು ಹಿಗ್ಗಿಸಿ ತೋರಿಸುವ ಬಣ್ಣದ ಚಿತ್ರಗಳ ಹಾಳೆ. ಎಲ್ಲ ಬಂದರುಗಳಲ್ಲೂ ತಪಾಸಣಾ ನಾಕೆಗಳಲ್ಲೂ ತೂಗುಹಾಕಿರುತ್ತದೆ. ಕಾವಲಿನವರು ಹಲಗೆಯ ತುದಿಯನ್ನು ಕೆತ್ತಿ, ಚಿತ್ರಕ್ಕೆ ಹೋಲಿಸಿ, ಅನುಮಾನ ಬಂದರೆ ನಮಗೆ ಕಳಿಸುತ್ತಾರೆ. ಚಿತ್ರಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಿರಬೇಕಾದ್ದರಿಂದ ಹೊಸ ಮರವೊಂದು ಸೇರಬೇಕಾದರೆ ಹಳೆಯದೊಂದು ಹೋಗಬೇಕು. ಆ ಸಲ ಹೊಸ ಮರಗಳ ಒತ್ತಡ ಬಹಳವಿತ್ತು. ಯಾವುದನ್ನು ತೆಗೆಯೋಣವೆಂದು ಸಮಿತಿ ಕೇಳಿದಾಗ ಮೇಡಂ ಹೊಗೆಮರದ ಹೆಸರು ಹೇಳಿದರು. “ಇಲ್ಲದ ಮರಕ್ಕೆ ಕಾವಲ್ಯಾಕೆ? ಇರೋದಕ್ಕೆ ಜಾಗ ಕೊಡೋಣ” ಎಂದರಂತೆ. ಸಮಿತಿಯಲ್ಲಿದ್ದವರೆಲ್ಲ ತಲೆದೂಗಿದರು. ನ್ಯಾಯವಾಗಿ ನೋಡಿದರೆ ಅದು ಸರಿಯಾದ ಮಾತೇ ಆಗಿತ್ತು. ಸತ್ತವರ ಹೆಸರನ್ನು ಪಡಿತರ ಚೀಟಿಯಿಂದ ತೆಗೆಯುವಷ್ಟೇ ಸಹಜವಾದ ಕೆಲಸ.

ವರ್ಷಗಳು ಕಳೆದವು. ಬಿಸ್ಕೆಟ್ಟಿನ ಸಂಬಳದ ಸಹಾಯಕಿ ಉದ್ದಲಂಗದ ಹುಡುಗಿಯಾದಳು. ಒಬ್ಬಳೇ ಮನೆಗೆ ಹೋಗಿ ಬೀಗ ತೆಗೆಯುವಷ್ಟು ದೊಡ್ಡವಳಾದ ಮೇಲೆ ಕೋಣೆಗೆ ಬರುವುದು ಕಡಿಮೆಯಾಯಿತು. ಭೂತತ್ತೆ ಮಾತ್ರ ನನ್ನನ್ನು ಕಂಡಾಗಲೆಲ್ಲ, “ನಮ್ಮ ಸಹಾಯಕಿ ಹೇಗಿದಾಳೆ? ರಾಜೀನಾಮೆ ಕೊಡದೇನೇ ಕೆಲಸ ಬಿಟ್ಟಿದಾಳೆ, ನೋಟೀಸು ಕಳಿಸ್ಬೇಕು” ಎನ್ನುತ್ತಿದ್ದರು.

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯ ಸಭಾಂಗಣಕ್ಕೆ ಹೊಸ ಮೆಟ್ಟಿಲು, ಕೈಹಿಡಿ ಮಾಡಿಸುತ್ತಿದ್ದರು. ಒಂದು ಸಂಜೆ ಜಾಮಿಟ್ರಿ ಪೆಟ್ಟಿಗೆಯನ್ನು ನನ್ನ ಮೂಗಿನ ಕೆಳಗೆ ಹಿಡಿದು, “ಅಪ್ಪಾ, ಕಣ್ಣು ಮುಚ್ಕೊಂಡು ಮೂಸು” ಎಂದಳು. ಪೆಟ್ಟಿಗೆಯ ತುಂಬ ಮರದ ಹೊಟ್ಟು. ಅಡುಗೆಮನೆಯಿಂದ ಹೆಂಡತಿ, “ಪುಸ್ತಕ ಇಡೋ ಚೀಲದಲ್ಲಿ ಕಸ ತುಂಬ್ಕೊಂಡು ಬರೋದೊಂದು ಬಾಕಿ ಇತ್ತು” ಎಂದಳು. ನಾನು ಮೂಸಿದೆ. ಆರಿದ ಬತ್ತಿ. ಅದರ ಹಿಂದೆ ಒದ್ದೆ ಸ್ಲೇಟು.

“ನಿನಗೆ ನೆಗಡಿಯಾಗಿರ್ಬೇಕು” ಎಂದೆ.

“ಮೂಸಿದ್ದು ನೀನು. ನೆಗಡಿ ನನಗೆ ಹೇಗಾಗುತ್ತೆ?” ಎಂದಳು.

ಮರುದಿನ ಬೆಳಿಗ್ಗೆ ಮೇಡಂ ಮೇಜಿನ ಮೇಲೆ ಪೆಟ್ಟಿಗೆ ತೆರೆದಿಟ್ಟೆ. ಅವರು ಮೂಸಿದರು. ಮೂಸಿ, ಕುರ್ಚಿಯನ್ನು ಹಿಂದೆ ಸರಿಸಿ ಕೂತರು. ಆಮೇಲೆ ಎದ್ದವರು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಶಾಲೆಗೆ ನಡೆದುಬಿಟ್ಟರು. ಬಡಗಿಗಳಿಂದ ಒಂದು ತುಂಡು ಕೇಳಿ ತಂದರು. ಅಂಗಡಿಯ ರಸೀತಿಯಲ್ಲಿ ಅದರ ಹೆಸರು ಪೆಟ್ಟಿಗೆಮರ.

ವಾಸನೆ ಸಾಕ್ಷಿಯಾಗುವುದಿಲ್ಲ. ಹೊಗೆಮರದ ಹಳೆಯ ಗಾಜಿನ ಪಟ್ಟಿಗಳು, ಅಂಟು ಹಳದಿಗಟ್ಟಿ, ಬಿರುಕುಬಿಟ್ಟು, ನೋಡಲು ಬಾರದಂತಾಗಿದ್ದವು. ಉಳಿದ ದಾರಿ ಒಂದೇ: ಅನಾಥಾಲಯದ ತುಂಡಿಗೆ ಅಲಗು ಹಾಕುವುದು. ನಿರ್ದೇಶಕರು ಒಪ್ಪಲಿಲ್ಲ. “ಜಗತ್ತಿನಲ್ಲಿ ಇರೋದೇ ಅದೊಂದು. ಅದನ್ನೂ ಕೊಯ್ದು ಕೆಟ್ಟರೆ ಮುಂದಿನವರಿಗೆ ಏನು ತೋರಿಸ್ತೀರಿ?” ಎಂದರು. ಮೇಡಂ ಧ್ವನಿಯೇರಿಸಿ ಮಾತನಾಡಿದ್ದನ್ನು ನಾನು ಕೇಳಿದ್ದು ಅಂದೊಂದೇ ದಿನ. “ಮುಂದಿನವರಿಗೆ ಮರ ತೋರಿಸೋಣ ಸರ್. ಇಲ್ಲಿ ತುಂಡಿಗೆ ಕಾವಲು ಕೂತು, ಅಲ್ಲಿ ಮರ ಕಡೀತಿದ್ರೆ ನೋಡ್ತಾ ಇರೋದಾ?”

ಆ ತುಂಡನ್ನು ಕುದಿಸಿದವನು, ಕೊಯ್ದವನು ನಾನು. ಯಂತ್ರಕ್ಕೆ ಬಿಗಿದಾಗ ಕೈ ನಡುಗಿತು. ಮೇಡಂ ಪಕ್ಕದಲ್ಲಿ ಕೂತು, “ನಡುಕ ನಿಲ್ಲೋವರೆಗೆ ಕಾಯಿ. ಮರಕ್ಕೇನೂ ಅವಸರ ಇಲ್ಲ” ಎಂದರು. ಕಾದೆ. ಒಂದೇ ಎಳೆತಕ್ಕೆ ಪದರ ಬಂತು. ಕುಂಚದ ತುದಿಯಿಂದ ಎತ್ತಿ ಗಾಜಿನ ಮೇಲೆ ಕೂರಿಸಿದೆ. ಶಾಲೆಯ ತುಂಡಿನದನ್ನು ಅದರ ಪಕ್ಕದಲ್ಲಿಟ್ಟೆ. ಅವರು ಸೂಕ್ಷ್ಮದರ್ಶಕಕ್ಕೆ ಬಗ್ಗಿದವರು ಬಹಳ ಹೊತ್ತು ತಲೆಯೆತ್ತಲಿಲ್ಲ. ಕೊನೆಗೆ, “ಅಕ್ಕತಂಗಿಯರಲ್ಲ. ಒಂದೇ” ಎಂದರು.

ಅಂದು ನಮ್ಮ ಕಚೇರಿಯಲ್ಲಿ ಹಬ್ಬ. ಸತ್ತಿದೆ ಎಂದುಕೊಂಡಿದ್ದ ಮರ ಬದುಕಿತ್ತು; ಯಾರೋ ಸಿಹಿ ತಂದರು, ಯಾರೋ ಅನಾಥಾಲಯದ ಬಾಗಿಲ ಮೇಲೆ ‘ಒಬ್ಬರ ನೆಂಟರು ಸಿಕ್ಕಿದ್ದಾರೆ’ ಎಂದು ಚೀಟಿ ಅಂಟಿಸಿದರು. ನನ್ನ ಮಗಳಿಗೆ ಸುದ್ದಿ ಮುಟ್ಟಿಸಿದಾಗ ಅವಳು ಕೇಳಿದ್ದು ಒಂದೇ: “ಹಾಗಾದ್ರೆ ಯಾವತ್ತು ಹೊರಡೋದು?”

ಮರ ಎಲ್ಲಿಂದ ಬಂತೆಂದು ತಿಳಿಯಲು ಮೇಡಂ ಆ ಮರದ ವ್ಯಾಪಾರಿಯನ್ನು ಕಾಣಲು ಹೋದರು. ಜೊತೆಗೆ ನಾನೂ ಹೋಗಿದ್ದೆ. ಹಲಗೆಗಳ ರಾಶಿಯ ನಡುವೆ ಕುರ್ಚಿ ಹಾಕಿಸಿ, ಎಳನೀರು ತರಿಸಲೇ ಎಂದು ಕೇಳಿದ ಸಭ್ಯ ಮನುಷ್ಯ. ಏನನ್ನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದೇನಾದರೂ ಇದೆ ಎಂಬುದೇ ಅವರಿಗೆ ಹೊಳೆದಿರಲಿಲ್ಲ.

“ಹೊಗೆಮರ ತಾನೆ? ಗಿರಾಕಿಗಳಿಗೆ ಗೊತ್ತಾಗ್ಲಿ ಅಂತ ರಸೀತೀಲಿ ಪೆಟ್ಟಿಗೆಮರ ಅಂತ ಬರೀತೀವಿ. ಮೇಲ್ದಂಡೆಯ ಬೆಟ್ಟದ್ದು. ಮೊದಲೆಲ್ಲ ತರೋಕೆ ಭಯ ಇತ್ತು ಮೇಡಂ, ನಿಮ್ಮ ಪಟದಲ್ಲಿ ಚಿತ್ರ ಇತ್ತಲ್ಲ, ತಂದಿದ್ರೆ ನಾಕೆಯವರು ಹಿಡೀತಿದ್ರು. ಆಮೇಲೆ ನೀವೇ ತೆಗೆದ್ರಿ. ಓ, ಬಿಟ್ಟಿದಾರೆ ಅಂದ್ಕೊಂಡ್ವಿ. ಅಲ್ಲಿಂದ ಎಲ್ಲರೂ ತರಿಸೋಕೆ ಶುರು ಮಾಡಿದ್ರು.”

ಮೇಡಂ ಕುರ್ಚಿಯಿಂದ ಎದ್ದರು. ವ್ಯಾಪಾರಿ ನನ್ನ ಕಡೆ ತಿರುಗಿ, ತಾವೇನಾದರೂ ತಪ್ಪು ಮಾತಾಡಿದರೇ ಎಂಬಂತೆ, “ಒಳ್ಳೇ ಮರ. ಗೆದ್ದಲು ಹತ್ತಲ್ಲ” ಎಂದು ಸೇರಿಸಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ನನಗೆ ಹೇಳಿದ್ದನ್ನು ಅವರ ಅಪ್ಪಣೆಯಂತೆ ಹಾಗೆಯೇ ಬರೆಯುತ್ತಿದ್ದೇನೆ. “ನೋಡಪ್ಪಾ, ಮಗೂಗೆ ಹುಡುಕ್ತೀನಿ ಅಂದೆ. ಸಮಿತಿಗೆ ಮರಾನೇ ಇಲ್ಲ ಅಂದೆ. ಎರಡೂ ಒಂದೇ ವರ್ಷ, ಒಂದೇ ಬಾಯಲ್ಲಿ. ಮಗೂಗೆ ಹೇಳಿದ್ದನ್ನ ನಾನೇ ನಂಬಿದ್ದಿದ್ರೆ ಆ ಚಿತ್ರ ಗೋಡೆ ಮೇಲೇ ಉಳೀತಿತ್ತು.” ನಾನು ಸಮಾಧಾನ ಹೇಳಲು ಬಾಯಿ ತೆರೆದೆ. “ಸುಮ್ಮನಿರು” ಎಂದರು.

ಮರ ಕಡಿಯುವುದನ್ನು ನಿಲ್ಲಿಸಬೇಕೆಂಬ ಆದೇಶ ಹೊರಡಲು, ಅದು ಕಚೇರಿಯಿಂದ ಕಚೇರಿಗೆ ಇಳಿದು ಬೆಟ್ಟ ಹತ್ತಲು, ಎಷ್ಟು ಕಾಲ ಬೇಕೋ ಅಷ್ಟು ಕಾಲ ಹಿಡಿಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ನಾವು ಮಕ್ಕಳಿಗೆ ಅರ್ಥ ಬರೆಯಲು ಕೊಡುತ್ತೇವೆ, ದೊಡ್ಡವರಿಗೂ ಕೊಡಬೇಕು. ಮಗಳ ಬೇಸಿಗೆ ರಜೆಯಲ್ಲಿ ನಾವು ಮೂವರೂ ಹೊರಟೆವು. ಅವಳಿಗೆ ಹೊಸ ಬೂಟು ಕೊಡಿಸಿದ್ದು ಭೂತತ್ತೆ. “ಮರ ನೋಡೋಕೆ ಹೋಗೋವಾಗ ಹರಕು ಚಪ್ಪಲಿ ಹಾಕ್ಕೋಬಾರದು” ಎಂದಿದ್ದರು.

ಬೆಟ್ಟದ ದಾರಿಯಲ್ಲಿ ಎರಡು ಕಡೆ ಮಣ್ಣು ಕುಸಿದು ರಸ್ತೆಯನ್ನು ಹೊಸದಾಗಿ ಕಡಿದಿದ್ದರು. ಅರಣ್ಯ ರಕ್ಷಕರೊಬ್ಬರು ಮುಂದೆ, ನಾವು ಹಿಂದೆ. ಮೊದಲ ಇಳಿಜಾರಿನಲ್ಲಿ ಬುಡಗಳಿದ್ದವು. ನೆಲದಿಂದ ಮೊಳಕಾಲೆತ್ತರಕ್ಕೆ ಗರಗಸ ಹಾಕಿದ ಬುಡಗಳು, ಸಭೆ ಮುಗಿದ ಮೇಲೆ ಉಳಿದ ಮಣೆಗಳಂತೆ. ಇನ್ನೂ ಮೇಲಿರಬಹುದೆಂದು ರಕ್ಷಕರು ಹೇಳಿದರು. ಹತ್ತಿದೆವು. ಮೇಲೆಯೂ ಬುಡಗಳೇ. ಆಚೆಯ ಮಗ್ಗುಲಿಗೆ ಇಳಿದೆವು. ಅಲ್ಲಿ ಮಣ್ಣೇ ಜಾರಿಹೋಗಿ ಬುಡಗಳೂ ಇರಲಿಲ್ಲ. ಮೂರು ದಿನ ಹಾಗೆ ಬೆಟ್ಟದಿಂದ ಬೆಟ್ಟಕ್ಕೆ ಅಲೆದೆವು. ಮೇಡಂ ಪ್ರತಿ ಬುಡದ ಮೇಲೂ ಬಗ್ಗಿ, ಭೂತಗನ್ನಡಿ ಹಿಡಿದು ನೋಡಿ, ಹೌದೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಒಂದೆಡೆ ಮಗಳು, “ಅತ್ತೆ, ಬುಡದಿಂದ ಚಿಗುರೋದಿಲ್ವಾ ಇದು?” ಎಂದು ಕೇಳಿದಳು. “ಇದು ಚಿಗುರೋ ಜಾತಿಯಲ್ಲ” ಎಂದು ಅವರು ಉತ್ತರಿಸಿದರು.

ಕೊನೆಯ ದಿನ ಬೆಟ್ಟದ ಮೇಲಿನ ಒಂಟಿಮನೆಯ ಮುದುಕಿಯೊಬ್ಬರು ನಮ್ಮನ್ನು ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟರು. ಕೊಡುವಾಗ, ಚೆಲ್ಲಬೇಡಿ ಎಂದು ಹೇಳಿಯೇ ಕೊಟ್ಟರು.

“ಮನೆ ಹಿಂದೇನೇ ಒರತೆ ಇತ್ತು ತಾಯಿ, ನಮ್ಮತ್ತೆ ಕಾಲದಿಂದ. ಸುತ್ತಲಿನ ಮರ ಹೋದ ಎರಡನೇ ವರ್ಷಕ್ಕೆ ನಿಂತ್ಹೋಯ್ತು. ಈಗ ಕೆಳಗಡೆ ಟ್ಯಾಂಕರ್ ಬರುತ್ತೆ, ಅಲ್ಲಿಂದ ಹೊತ್ಕೊಂಡು ಬರ್ಬೇಕು.”

“ಕೊನೇ ಮರ ಯಾವಾಗ ಕಡಿದ್ರು ಅಮ್ಮಾ?” ಎಂದು ಮೇಡಂ ಕೇಳಿದರು.

“ಹೋದ ಮಳೆಗಾಲಕ್ಕೆ ಮುಂಚೆ. ಅಲ್ಲಿ, ಆ ದಿಬ್ಬದ ಮೇಲೆ ಒಂದಿತ್ತು. ನಾನು ಬೇಡ ಅಂದೆ. ಪರ್ಮಿಟ್ ಬೇಡದ ಮರ ಅಜ್ಜಿ, ನಿನಗ್ಯಾಕೆ ತಲೆನೋವು ಅಂದ್ರು. ಯಾರೋ ದೊಡ್ಡೋರು ಬಿಟ್ಟಿದಾರಂತಲ್ಲ, ಕಡೀರಿ ಅಂತ.” ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, “ನೀವೆಲ್ಲ ಯಾವ ಇಲಾಖೆಯೋರು?” ಎಂದು ವಿಚಾರಿಸಿದರು.

ಮೇಡಂ ತಮ್ಮ ಇಲಾಖೆಯ ಹೆಸರು ಹೇಳಿದರು. ಆ ದೊಡ್ಡವರು ತಾವೇ ಎಂದೂ ಹೇಳಿದರು. ಮುದುಕಿ ಖಾಲಿ ಲೋಟವನ್ನು ಅವರ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ದಿಬ್ಬದ ಮೇಲಿನ ಬುಡವನ್ನು ನೋಡಲು ಹೋದೆವು. ಮಗಳು ಅದರ ಮೇಲೆ ಅಂಗೈಯಿಟ್ಟಳು, ಬಗ್ಗಿ ಮೂಸಿದಳು. ಮೇಡಂ ಹೇಳಿದಂತೆ ನಾನು ಅದರ ಅಂಚಿನಿಂದ ಪುಸ್ತಕದ ಗಾತ್ರದ ತುಂಡೊಂದನ್ನು ಕೊಯ್ದುಕೊಂಡೆ. ಇಳಿಯುವಾಗ ಮೇಡಂ ಹಿಂದೆ ಉಳಿದು, “ಪುಟ್ಟಿ, ನನ್ನ ಬೈಯೇ” ಎಂದರು. ಅವಳು ಸ್ವಲ್ಪ ದೂರ ನಡೆದು, “ಬೈದ್ರೆ ಮರ ಬರುತ್ತಾ ಅತ್ತೆ?” ಎಂದಳು. ಕಡಿದಾದ ಜಾಗ ಬಂದಾಗ ಅವರ ಕೈ ಹಿಡಿದು ಇಳಿಸಿದಳು. ಕೆಳಗೆ ರಸ್ತೆ ಬರುವವರೆಗೂ ಆ ಕೈ ಬಿಡಲಿಲ್ಲ.

ಹಿಂದಿರುಗಿದ ವಾರದಲ್ಲಿ ಮೇಡಂ, ಈ ತಪ್ಪು ಸಮಿತಿಯದಲ್ಲ, ತಮ್ಮದು ಎಂದು ಲಿಖಿತವಾಗಿ ಒಪ್ಪಿಕೊಂಡರು. ಅದನ್ನು ವೃತ್ತಿಯ ಪತ್ರಿಕೆಯಲ್ಲಿಯೂ ಅಚ್ಚು ಹಾಕಿಸಿದರು. ಹೆಸರುವಾಸಿಯಾದವರು ಹಾಗೆ ಮಾಡುವುದು ವಿರಳ. ಎಷ್ಟೋ ದೇಶಗಳ ಗೋಡೆಪಟಗಳಿಂದಲೂ ಹೀಗೆಯೇ ಚಿತ್ರಗಳು ಹೋಗಿವೆ ಎಂಬುದು ಆಮೇಲೆ ತಿಳಿಯಿತು. ಆನಂತರ ಒಂದು ಬೆಳಿಗ್ಗೆ ಅನಾಥಾಲಯದ ಬಾಗಿಲು ತೆರೆದು, ಅಷ್ಟೂ ತುಂಡುಗಳನ್ನು ಅವುಗಳ ಹಳೆಯ ಸೆಳೆಖಾನೆ, ಹಳೆಯ ಜಾಗಗಳಿಗೆ ಸೇರಿಸಿದರು. “ಸತ್ತಿದೆ ಅನ್ನೋಕೆ ನಮಗೆ ಯೋಗ್ಯತೆ ಇಲ್ಲ. ಸಿಕ್ಕಿಲ್ಲ ಅನ್ನಬಹುದು, ಅಷ್ಟೇ” ಎಂಬುದು ಅಂದಿನಿಂದ ವಿಭಾಗದ ನಿಯಮ. ಆ ಕಪಾಟಿನಲ್ಲಿ ಈಗ ನಮ್ಮ ಕೊಡೆಗಳೂ ಊಟದ ಡಬ್ಬಿಗಳೂ ಇರುತ್ತವೆ. ತೆಗೆದಿದ್ದ ಚಿತ್ರಗಳೆಲ್ಲ ಮರಳಿ ಸೇರಿ ಗೋಡೆಪಟ ಒಂದು ಹಾಳೆಯಿಂದ ಮೂರು ಹಾಳೆಗೆ ಬೆಳೆದಿದೆ; ತೂಗುಹಾಕಲು ಗೋಡೆಯೇ ಸಾಲದೆಂದು ನಾಕೆಯವರು ಗೊಣಗುತ್ತಾರೆ. “ಗೋಡೆ ಕಟ್ಟಿಸ್ಕೊಳ್ಳಿ” ಎಂದು ಮೇಡಂ ಉತ್ತರ ಬರೆಸುತ್ತಾರೆ.

ಮರಳಿ ಸೇರಿಸಿದ ಚಿತ್ರಗಳಿಂದ ಹೋದ ವರ್ಷ ಒಂದು ಹಡಗಿನ ಸರಕು ಸಿಕ್ಕಿಬಿತ್ತು. ಯಾವುದೋ ದೂರದ ದ್ವೀಪದ, ನಾವು ಇಲ್ಲವೆಂದು ಅತ್ತು ಮುಗಿಸಿದ್ದ ಮರ. ಅದರ ತುಂಡನ್ನು ಕೊಯ್ದು ಕೊಟ್ಟಾಗ ಮೇಡಂ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, “ಬದುಕಿದೆ ಅನ್ನೋ ಸುದ್ದಿ ಸಹ ನಮಗೆ ಹೆಣಾನೇ ತಂದುಕೊಡ್ಬೇಕು ನೋಡು” ಎಂದರು. ಅಂದು ಕಚೇರಿಯಲ್ಲಿ ಯಾರೂ ಸಿಹಿ ತರಲಿಲ್ಲ. ತಂತಿ ಹೋಯಿತು, ಫೋನು ಹೋಯಿತು, ಆ ದ್ವೀಪದಲ್ಲಿ ಕೊಡಲಿ ನಿಂತಿತು. ಅಲ್ಲಿ ಇನ್ನೂ ಕೆಲವು ಮರಗಳು ನಿಂತಿವೆಯೆಂದು ವರದಿ ಬಂದಿದೆ. ಅದನ್ನು ಓದಿ ಅವರು ಕನ್ನಡಕ ಒರೆಸಿಕೊಂಡರು. ಹೊಗೆಮರವನ್ನು ನೆನೆದರೆಂದು ನನ್ನ ಊಹೆ.

ಈ ತಿಂಗಳ ಕೊನೆಗೆ ಮೇಡಂ ನಿವೃತ್ತರಾಗುತ್ತಾರೆ. ಮನೆಯಲ್ಲಿ ಕೂರುವವರಲ್ಲ ಅವರು. ನಾಲ್ಕನೆಯ ಹಾಳೆಯ ಕೆಲಸ ಬಾಕಿಯಿದೆ, ವಾರಕ್ಕೆರಡು ದಿನ ಬರುತ್ತೇನೆಂದು ಈಗಾಗಲೇ ತಮ್ಮ ಲೋಟವನ್ನು ಆ ಹಳೆಯ ಕಪಾಟಿನಲ್ಲಿ ಇಟ್ಟಿದ್ದಾರೆ. ಅವರ ಕಣ್ಣು ಮಬ್ಬಾಗದಿರಲಿ, ಮೂಗು ಮರೆಯದಿರಲಿ; ಅವರು ಹೆಸರು ಹೇಳಬೇಕಾದ ಹೆಣಗಳು ಕಡಿಮೆಯಾಗಿ, ಬಿಡುವು ಹೆಚ್ಚಾಗಿ, ಯಾವುದಾದರೂ ನೆರಳಿನಲ್ಲಿ ಕಾಲು ಚಾಚಿ ಕೂರುವಷ್ಟು ದೀರ್ಘವಾದ ಆಯುಸ್ಸು ಅವರದಾಗಲಿ ಎಂದು, ಅವರ ಕೈಕೆಳಗೆ ಕೊಯ್ಯಲು ಕಲಿತ ನಾನೂ, ಅವರ ಮಡಿಲಲ್ಲಿ ಮೂಸಲು ಕಲಿತು ಈಗ ಕಾಲೇಜಿನಲ್ಲಿ ಅದೇ ಶಾಸ್ತ್ರವನ್ನು ಓದುತ್ತಿರುವ ನನ್ನ ಮಗಳೂ ಹಾರೈಸುತ್ತೇವೆ.

ಸಂಗ್ರಹದ ಕೋಣೆಯಲ್ಲಿ, ಹೊಗೆಮರದ ಸೆಳೆಖಾನೆಯಲ್ಲಿ, ಈಗ ಎರಡು ತುಂಡುಗಳಿವೆ. ಒಂದು ಹಳೆಯದು, ಕೊಯ್ತಕ್ಕೆ ತುದಿ ಕೊಟ್ಟು ಬೆಂಕಿಪೊಟ್ಟಣಕ್ಕಿಂತ ತುಸು ಸಣ್ಣದಾದದ್ದು. ಇನ್ನೊಂದು ದಿಬ್ಬದ ಮೇಲಿನ ಬುಡದಿಂದ ತಂದದ್ದು. ನಿಂತಿರುವ ಮರವನ್ನು ತೋರಿಸುತ್ತೇನೆಂದು ಭೂತಗನ್ನಡಿ ಮೇಡಂ ನನ್ನ ಮಗಳಿಗೆ ಭಾಷೆ ಕೊಟ್ಟಿದ್ದರು. ತೋರಿಸಲಿಲ್ಲ.